ದೀಪ ಬದಲಾಯಿತು, ಸ್ವಿಚ್ಚು ಹಾಗೇ ಇದೆ

ಬೆಂಗಳೂರಿನ ಶಟಲ್ ಕೋರ್ಟುಗಳಿಗೆ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಹೋಗಿ ನೋಡಬೇಕು. ಐದೂವರೆಗೇ ಬಂದು ಬೆವರಿಳಿಸಿದವರೆಲ್ಲ ಅಷ್ಟರಲ್ಲಿ ಆಫೀಸು ಸೇರಿರುತ್ತಾರೆ, ಕೋಚಿಂಗಿನ ಮಕ್ಕಳು ಶಾಲೆಯಲ್ಲಿರುತ್ತಾರೆ. ಮೂಲೆಯ ಒಂದು ಕೋರ್ಟಿನಲ್ಲಿ ನಿವೃತ್ತರು ನಾಲ್ವರು ನಿಧಾನವಾಗಿ ಡಬಲ್ಸ್ ಆಡುತ್ತಿರುತ್ತಾರೆ. ಉಳಿದ ಮೂರು ಕೋರ್ಟುಗಳ ಮೇಲೂ ದೀಪಗಳು ಧಗಧಗ ಉರಿಯುತ್ತಿರುತ್ತವೆ. ನೋಡಿಕೊಳ್ಳುವ ಹುಡುಗನನ್ನು ಕೇಳಿದರೆ, ‘ಒಂದ್ಸಲ ಆಫ್ ಮಾಡಿದ್ರೆ ಮತ್ತೆ ಹತ್ಕೊಳಕ್ಕೆ ತುಂಬಾ ಹೊತ್ತು ಹಿಡಿಯುತ್ತೆ ಸಾರ್’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ಕೆಲಸ ಕಲಿಸಿದವರು ಹಾಗೆಯೇ ಕಲಿಸಿದ್ದಾರೆ. ಆದರೆ ಆ ಮಾತು ಈಗ ಮೇಲೆ ಉರಿಯುತ್ತಿರುವ ಎಲ್‌ಇಡಿಗೆ ಅನ್ವಯಿಸುವುದಿಲ್ಲ, ಅದಕ್ಕೂ ಮೊದಲು ಅಲ್ಲಿ ತೂಗುತ್ತಿದ್ದ ಮೆಟಲ್ ಹ್ಯಾಲೈಡ್ ದೀಪಕ್ಕೆ ಅನ್ವಯಿಸುತ್ತಿತ್ತು.

ಮೆಟಲ್ ಹ್ಯಾಲೈಡ್ ದೀಪದ ಒಳಗೆ ಬೆರಳುದ್ದದ ಒಂದು ಪುಟ್ಟ ನಳಿಗೆ ಇರುತ್ತದೆ. ಅದರಲ್ಲಿ ಪಾದರಸ ಮತ್ತು ಕೆಲವು ಲೋಹಗಳ ಲವಣ. ವಿದ್ಯುತ್ ಹರಿದಾಗ ಅವೆಲ್ಲ ಆವಿಯಾಗಿ, ಒತ್ತಡ ಏರಿ, ಪೂರ್ತಿ ಬೆಳಕು ಕೊಡಲು ನಾಲ್ಕೈದು ನಿಮಿಷ ಬೇಕು. ಉರಿಯುತ್ತಿರುವಾಗ ಒಮ್ಮೆ ಆರಿಸಿದರೆ ನಳಿಗೆಯೊಳಗಿನ ಒತ್ತಡ ಎಷ್ಟಿರುತ್ತದೆಂದರೆ ಮತ್ತೆ ಕಿಡಿ ಹೊತ್ತಿಕೊಳ್ಳುವುದೇ ಇಲ್ಲ. ಅದು ತಣ್ಣಗಾಗಲು ಹತ್ತರಿಂದ ಹದಿನೈದು ನಿಮಿಷ, ಆಮೇಲೆ ಬೆಳಕು ಏರಲು ಮತ್ತೆ ನಾಲ್ಕೈದು ನಿಮಿಷ. ಪಂದ್ಯದ ನಡುವೆ ಅರೆಕ್ಷಣ ಕರೆಂಟು ಹೋಗಿ ಬಂದರೂ ಆಟಗಾರರೆಲ್ಲ ಬೆಂಚಿನ ಮೇಲೆ ಕೂತು ಹರಟೆ ಹೊಡೆಯಬೇಕಾಗಿದ್ದುದು ಇದಕ್ಕೇ. ಇಂಥ ದೀಪವನ್ನು ಒಂದು ಸ್ಲಾಟಿಗೂ ಇನ್ನೊಂದಕ್ಕೂ ನಡುವೆ ಆರಿಸಲು ಯಾರೂ ಹೋಗುವುದಿಲ್ಲ. ಬೆಳಿಗ್ಗೆ ಹಚ್ಚಿದ್ದನ್ನು ರಾತ್ರಿಯೇ ಆರಿಸುವುದು ರೂಢಿಯಾಯಿತು. ನಾಲ್ಕೂ ಕೋರ್ಟಿಗೆ ಒಂದೇ ಸ್ವಿಚ್ಚು ಕೊಟ್ಟು ವೈರಿಂಗ್ ಮಾಡುವುದೂ ರೂಢಿಯಾಯಿತು, ಹೇಗೂ ಒಂದೊಂದನ್ನೇ ಆರಿಸುವವರಿಲ್ಲವಲ್ಲ.

ಎಲ್‌ಇಡಿಗೆ ಇದಾವುದೂ ಇಲ್ಲ. ಒತ್ತಿದ ಕ್ಷಣಕ್ಕೆ ಪೂರ್ತಿ ಬೆಳಕು, ದಿನಕ್ಕೆ ಇಪ್ಪತ್ತು ಬಾರಿ ಆರಿಸಿ ಹಚ್ಚಿದರೂ ಅದಕ್ಕೆ ಬಾಧೆಯಿಲ್ಲ. ಸೌದೆ ಒಲೆಯನ್ನು ಹೊತ್ತಿಸುವ ಕಷ್ಟಕ್ಕೆ ದಿನವಿಡೀ ಕೆಂಡ ಉಳಿಸಿಕೊಳ್ಳುತ್ತಿದ್ದ ಮನೆಯವರು ಗ್ಯಾಸ್ ಒಲೆ ತಂದಮೇಲೂ ಅದನ್ನು ಆರಿಸದೆ ಬಿಟ್ಟಂತಾಗಿದೆ ನಮ್ಮ ಕ್ರೀಡಾಂಗಣಗಳ ಸ್ಥಿತಿ. ಸಂಘಗಳು ದೀಪ ಬದಲಿಸಲು ಲಕ್ಷಗಟ್ಟಲೆ ಖರ್ಚು ಮಾಡುತ್ತವೆ. ಹಳೆಯ ದೀಪದ ಕಾಲದಲ್ಲಿ ಹುಟ್ಟಿದ ವೈರಿಂಗು, ತೂಗುಹಾಕುವ ಜಾಗ, ಆರಿಸುವ ಅಭ್ಯಾಸ ಮಾತ್ರ ಹಾಗೆಯೇ ಉಳಿಯುತ್ತವೆ. ಉಳಿತಾಯದ ದೊಡ್ಡ ಪಾಲು ಸೋರಿಹೋಗುವುದು ಅಲ್ಲಿಯೇ ಎಂಬುದು ನನ್ನ ವಾದ.

ನಮ್ಮಲ್ಲಿ ಆಟದ ಜಾಗಗಳು ಆಟಕ್ಕೆಂದೇ ಕಟ್ಟಿದವಲ್ಲ ಎಂಬುದನ್ನೂ ಮರೆಯಬಾರದು. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ ಹುಡುಗನಾಗಿದ್ದಾಗ ಆಡಿ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುವ ಜಾಗ. ಅವತ್ತು ಅಲ್ಲಿ ಸಮಾರಂಭವಿಲ್ಲದಿದ್ದರೆ ಮಾತ್ರ ಶಾಲೆ ಬಿಟ್ಟೊಡನೆ ಓಡಿಹೋಗಿ ಆಡುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಇವತ್ತಿಗೂ ಊರೂರುಗಳ ಸಮುದಾಯ ಭವನಗಳು ಬೆಳಿಗ್ಗೆ ಯೋಗ, ಮಧ್ಯಾಹ್ನ ಸೀಮಂತ, ಸಂಜೆ ಟೇಬಲ್ ಟೆನಿಸ್, ರಾತ್ರಿ ನಾಟಕದ ತಾಲೀಮು ಎಂದು ಎಲ್ಲಕ್ಕೂ ಒದಗುತ್ತವೆ. ಸೀಮಂತಕ್ಕೆ ಬೇಕಾದ ಬೆಳಕೇ ಬೇರೆ, ಟೇಬಲ್ ಟೆನಿಸ್ಸಿಗೆ ಬೇಕಾದ ಬೆಳಕೇ ಬೇರೆ. ಎರಡಕ್ಕೂ ಒಂದೇ ಸ್ವಿಚ್ಚಿದ್ದರೆ ಎರಡರಲ್ಲಿ ಹೆಚ್ಚು ಬೆಳಕು ಬೇಡುವ ಆಟಕ್ಕೆ ತಕ್ಕಂತೆ ಬಿಲ್ಲು ಬರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ದೀಪದಿಂದ ಹೊಮ್ಮುವ ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ, ನೆಲದ ಮೇಲೆ ಬಿದ್ದ ಬೆಳಕನ್ನು ಲಕ್ಸ್‌ನಲ್ಲಿ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್, ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸ್‌ಗೂ ಬಹಳ ಕಡಿಮೆ. ಯುರೋಪಿನ ಕ್ರೀಡಾ ದೀಪ ಮಾನದಂಡವಾದ ಇಎನ್ 12193 ಬ್ಯಾಡ್ಮಿಂಟನ್‌ಗೆ ಮೂರು ದರ್ಜೆ ಹೇಳುತ್ತದೆ: ಮೋಜಿಗೆ, ಅಭ್ಯಾಸಕ್ಕೆ ಆಡುವವರಿಗೆ 300 ಲಕ್ಸ್, ಕ್ಲಬ್ ಮಟ್ಟದ ಪಂದ್ಯಕ್ಕೆ 500, ದೊಡ್ಡ ಪಂದ್ಯಾವಳಿಗೆ 750. ನಮ್ಮಲ್ಲೂ ಭಾರತೀಯ ಮಾನಕ ಬ್ಯೂರೋ 2010ರಲ್ಲಿ ಹೊರತಂದ ರಾಷ್ಟ್ರೀಯ ದೀಪ ಸಂಹಿತೆ ಇದೆ. ಬಡಾವಣೆಯ ಸಂಘವೊಂದು ಅದನ್ನು ತೆರೆದು ನೋಡಿ ದೀಪ ಕೊಂಡದ್ದನ್ನು ನಾನಂತೂ ಕಾಣೆ. ಕೊಳ್ಳುವುದೆಲ್ಲ ವ್ಯಾಟ್ ನೋಡಿ: ‘ಹಳೇದು 400 ಇತ್ತು, ಹೊಸದು 200 ಹಾಕಿ.’

ಆ 400 ವ್ಯಾಟಿನ ಮೆಟಲ್ ಹ್ಯಾಲೈಡ್ ದೀಪ ನಿಜವಾಗಿ ಎಳೆಯುವುದು ಚೋಕಿನ ನಷ್ಟವೂ ಸೇರಿ ಸುಮಾರು 440 ವ್ಯಾಟ್. ಹೊಸದಿದ್ದಾಗ ಅದು 35,000 ಲ್ಯೂಮೆನ್‌ನಷ್ಟು ಬೆಳಕು ಕೊಡುತ್ತದೆ. ಆದರೆ ಆ ಬೆಳಕು ಸುತ್ತ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಗುಮ್ಮಟದಂಥ ಅಲ್ಯೂಮಿನಿಯಂ ಬುರುಡೆಗೆ ಬಡಿದು ಕೆಳಗೆ ಬರುವಷ್ಟರಲ್ಲಿ ನೂರಕ್ಕೆ ಮೂವತ್ತರಷ್ಟು ಹೋಯಿತೆಂದುಕೊಳ್ಳಿ. ಒಂದೆರಡು ವರ್ಷ ಉರಿದ ಮೇಲೆ ದೀಪವೇ ಮಂಕಾಗಿ ಉಳಿದದ್ದರಲ್ಲಿ ಮೂರನೇ ಒಂದು ಭಾಗ ಕರಗುತ್ತದೆ. ಕೊನೆಗೆ ಕೋರ್ಟಿಗೆ ಇಳಿಯುವುದು 16,000 ಲ್ಯೂಮೆನ್‌ನ ಆಸುಪಾಸು, ಬುರುಡೆಯ ಮೇಲಿನ ಧೂಳಿನ ಲೆಕ್ಕ ಬಿಟ್ಟು. ಎಲ್‌ಇಡಿಯಾದರೋ ಮೊದಲಿಂದಲೇ ಕೆಳಮುಖ. ವ್ಯಾಟಿಗೆ 130 ಲ್ಯೂಮೆನ್ ಕೊಡುವ ಫಿಟ್ಟಿಂಗ್ ಈಗ ಸಾಮಾನ್ಯವಾಗಿ ಸಿಗುತ್ತದೆ. 150 ವ್ಯಾಟಿನದ್ದು 19,500 ಲ್ಯೂಮೆನ್ ಕೊಟ್ಟಾಯಿತು, ಅಲ್ಲಿಗೇ ಹಳೆಯ ದೀಪವನ್ನು ಮೀರಿಸಿತು. 200 ವ್ಯಾಟ್ ಹಾಕಿದವರು ಆಟಕ್ಕೆ ಬೇಕಿಲ್ಲದ ಬೆಳಕಿಗೂ ದುಡ್ಡು ಕೊಡುತ್ತಿದ್ದಾರೆ. ಹೊಸ ದೀಪ ಹಾಕಿದ ದಿನ ‘ಅಬ್ಬಾ, ಎಂಥ ಬೆಳಕು!’ ಎಂಬ ಉದ್ಗಾರ ಬರಲಿ ಎಂಬ ಆಸೆ ಸಂಘದ ಕಾರ್ಯದರ್ಶಿಗಳಿಗೆ ಇರುವುದು ಸಹಜವೇ.

ನಾಲ್ಕು ಕೋರ್ಟಿನ ಒಂದು ಶೆಡ್ಡನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೋರ್ಟಿಗೆ ಆರರಂತೆ 24 ಹಳೆಯ ದೀಪಗಳು, ಒಟ್ಟು 10.56 ಕಿಲೋವ್ಯಾಟ್. ಅವುಗಳ ಜಾಗಕ್ಕೆ 180 ವ್ಯಾಟಿನ ಎಲ್‌ಇಡಿ ಹಾಕಿದರೆ 4.32 ಕಿಲೋವ್ಯಾಟ್. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 350 ದಿನ ಉರಿದರೆ ಉಳಿಯುವುದು 17,472 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 1,39,776 ರೂಪಾಯಿ. ಫಿಟ್ಟಿಂಗ್ ಒಂದಕ್ಕೆ 7,000 ರೂಪಾಯಿ ಬಿದ್ದರೂ 1,68,000 ರೂಪಾಯಿಯ ಬಂಡವಾಳ ಒಂದೂಕಾಲು ವರ್ಷದೊಳಗೆ ಮರಳಿ ಬರುತ್ತದೆ. ಇದರ ಮೇಲೆ ಇನ್ನೊಂದು ಲಾಭವಿದೆ, ಅದನ್ನು ಬಹಳ ಸಂಘಗಳು ಕೇಳಿ ಪಡೆಯುವುದೇ ಇಲ್ಲ. ನಮ್ಮ ಎಸ್ಕಾಂಗಳು ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ತಿಂಗಳು ತಿಂಗಳೂ ನಿಗದಿತ ಶುಲ್ಕ ಹಾಕುತ್ತವೆ, ದೀಪ ಹಚ್ಚಿದರೂ ಹಚ್ಚದಿದ್ದರೂ. ಆರು ಕಿಲೋವ್ಯಾಟ್ ಇಳಿದ ಮೇಲೆ ಲೋಡ್ ಕಡಿಮೆ ಮಾಡಿಕೊಡಿ ಎಂದು ಅರ್ಜಿ ಹಾಕಬೇಕು. ಹಾಕದಿದ್ದರೆ ಗೋಡೌನಿಗೆ ಹೋದ ಹಳೆಯ ದೀಪಗಳ ಹೆಸರಿನಲ್ಲಿ ಶುಲ್ಕ ಕಟ್ಟುತ್ತಲೇ ಇರಬೇಕು. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಮನೆಗಳಿಗೆ ಮಾತ್ರ, ಕ್ಲಬ್ಬಿಗೂ ಭವನಕ್ಕೂ ಅದರ ನೆರಳು ಬೀಳುವುದಿಲ್ಲ.

ಇದೇ ಲೆಕ್ಕವನ್ನು ಹಳ್ಳಿಯ ವಾಲಿಬಾಲ್ ಅಂಗಳಕ್ಕೆ ಹಚ್ಚಿ ನೋಡಿ, ಚಿತ್ರವೇ ತಿರುಗಿಬಿಡುತ್ತದೆ. ಎಂಟು ದೀಪ, ವರ್ಷದಲ್ಲಿ 150 ರಾತ್ರಿ, ರಾತ್ರಿಗೆ ಎರಡು ಗಂಟೆ. 400ರ ಜಾಗಕ್ಕೆ 200 ವ್ಯಾಟ್ ಬಂದರೆ ವರ್ಷಕ್ಕೆ ಉಳಿಯುವುದು 576 ಯೂನಿಟ್, ಅಂದರೆ 4,608 ರೂಪಾಯಿ. ಮಳೆ ತಡೆಯುವ ಫ್ಲಡ್‌ಲೈಟ್ ಒಂದಕ್ಕೆ 8,000 ರೂಪಾಯಿ ಎಂದರೆ 64,000 ರೂಪಾಯಿ ಖರ್ಚು ತೀರಲು ಹದಿನಾಲ್ಕು ವರ್ಷ. ಮಾರುವವರು ಎಲ್ಲರಿಗೂ ‘ಎರಡೇ ವರ್ಷದಲ್ಲಿ ದುಡ್ಡು ವಾಪಸ್’ ಎಂದು ಒಂದೇ ಕಥೆ ಹೇಳುತ್ತಾರೆ. ಆ ಎರಡು ವರ್ಷ ಎಲ್ಲಿಂದ ಬಂತೆಂದು ಕೇಳಿದರೆ, ದೀಪ ವರ್ಷಕ್ಕೆ ಎಷ್ಟು ಗಂಟೆ ಉರಿಯುತ್ತದೆ ಎಂಬ ಪ್ರಶ್ನೆಯಲ್ಲೇ ಉತ್ತರವಿದೆ. ಹೆಚ್ಚು ಗಂಟೆ ಉರಿಯುವುದನ್ನು ಮೊದಲು ಬದಲಿಸಬೇಕು. ಭವನದಲ್ಲಿ ಅದು ಬಹುತೇಕ ಕಾರಿಡಾರು, ಮೆಟ್ಟಿಲು, ಶೌಚಾಲಯ, ಗೇಟಿನ ದೀಪ. ಹಳೆಯ 40 ವ್ಯಾಟಿನ ಟ್ಯೂಬು ತಾಮ್ರದ ಚೋಕಿನೊಂದಿಗೆ 50 ವ್ಯಾಟಿಗೂ ಹೆಚ್ಚು ತಿನ್ನುತ್ತದೆ, ಅದರ ಜಾಗಕ್ಕೆ 18 ಅಥವಾ 20 ವ್ಯಾಟಿನ ಎಲ್‌ಇಡಿ ಪಟ್ಟಿ ಸಾಕು. ಯಾರೂ ಫೋಟೊ ತೆಗೆಯದ ಜಾಗಗಳಾದ್ದರಿಂದ ಅವು ಕೊನೆಗೆ ಉಳಿಯುತ್ತವೆ.

ಹಾಗಾದರೆ ಹಳ್ಳಿಯ ಅಂಗಳಕ್ಕೆ ಎಲ್‌ಇಡಿ ಬೇಡವೇ? ಬೇಕು, ಆದರೆ ಬೇರೆ ಕಾರಣಕ್ಕೆ. ಕರಾವಳಿ, ಮಲೆನಾಡುಗಳಲ್ಲಿ ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಯುವ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಆಟದಷ್ಟೇ ಜೋರಾಗಿ ಜನರೇಟರೂ ಗುಡುಗುತ್ತಿರುತ್ತದೆ. ಎಂಟು ಮೆಟಲ್ ಹ್ಯಾಲೈಡಿಗೆ ಮೂರೂವರೆ ಕಿಲೋವ್ಯಾಟ್ ಬೇಕು, ಹೊತ್ತಿಕೊಳ್ಳುವಾಗ ಇನ್ನೂ ಹೆಚ್ಚು ಎಳೆಯುತ್ತವೆ. ಎಲ್‌ಇಡಿಗೆ 1.6 ಕಿಲೋವ್ಯಾಟ್ ಸಾಕು, ಇಬ್ಬರು ಹೊತ್ತು ತರಬಹುದಾದ ಜನರೇಟರಿನಲ್ಲಿ ಕೆಲಸ ಮುಗಿಯುತ್ತದೆ. ಟೂರ್ನಮೆಂಟ್ ನಡೆಸುವ ಯುವಕ ಮಂಡಲಕ್ಕೆ ಡೀಸೆಲಿನ ಹಣವೇ ದೊಡ್ಡದು. ರೇಡಿಗೆ ಹೋದವನು ನಡುಗೆರೆ ದಾಟುವಾಗ ಕರೆಂಟು ಕೈಕೊಟ್ಟು ಬಂದರೆ ಜಗಳಕ್ಕೆ ಅವಕಾಶವಿಲ್ಲದಷ್ಟು ಬೇಗ ಬೆಳಕೂ ಬರುತ್ತದೆ.

ಒಳಾಂಗಣದ ಶಟಲ್ ಹಾಲ್‌ಗಳಲ್ಲಿ ದೀಪ ಬದಲಿಸಿದ ಮಾರನೆಯ ವಾರ ಕೇಳಿಬರುವ ದೂರು ಒಂದಿದೆ: ‘ಬೆಳಕು ಜಾಸ್ತಿ ಆಯ್ತು, ಕಾಕ್ ಕಾಣಿಸ್ತಾ ಇಲ್ಲ.’ ಕೇಳಲು ವಿಚಿತ್ರವಾದರೂ ಇದು ನಿಜವಾದ ದೂರು, ತಳ್ಳಿಹಾಕುವಂಥದ್ದಲ್ಲ. ಕಚೇರಿಯಲ್ಲಿ ಕೂತವನು ಮುಂದಕ್ಕೆ ನೋಡುತ್ತಾನೆ, ಬ್ಯಾಡ್ಮಿಂಟನ್ ಆಡುವವನು ಅರ್ಧ ಹೊತ್ತು ಚಾವಣಿಯನ್ನೇ ನೋಡುತ್ತಿರುತ್ತಾನೆ. ಎತ್ತರಕ್ಕೆ ಹೋದ ಬಿಳಿ ಕಾಕ್ ಇಳಿಯುವುದನ್ನು ಕಾಯುವಾಗ ಕಣ್ಣೆದುರಿಗೇ ದೀಪ ಬಂದರೆ ಒಂದೆರಡು ಕ್ಷಣ ಕಣ್ಣು ಕತ್ತಲಿಡುತ್ತದೆ. ಹಳೆಯ ದೀಪಕ್ಕೆ ಅಗಲವಾದ ಬುರುಡೆಯಿತ್ತು, ಬೆಳಕಿನ ಮೂಲ ದೊಡ್ಡದಾಗಿ ಕಾಣುತ್ತಿತ್ತು. ಎತ್ತರದ ಚಾವಣಿಗೆಂದೇ ಮಾಡಿದ ಎಲ್‌ಇಡಿ ‘ಹೈ ಬೇ’ ದೀಪದಲ್ಲಿ ಅಷ್ಟೇ ಬೆಳಕು ಊಟದ ತಟ್ಟೆಯಷ್ಟು ಜಾಗದಿಂದ, ಚುಕ್ಕಿ ಚುಕ್ಕಿಯಾಗಿ ಚಿಮ್ಮುತ್ತದೆ. ಹಳೆಯ ಕೊಕ್ಕೆಗೇ ಹೊಸ ದೀಪ ತೂಗುಹಾಕಿದರೆ, ಆ ಕೊಕ್ಕೆ ಕೋರ್ಟಿನ ನಡುಮಧ್ಯದಲ್ಲಿದ್ದರೆ, ಲಕ್ಸ್ ಮೀಟರು ಖುಷಿಪಡುತ್ತದೆ, ಆಟಗಾರ ಬೈದುಕೊಳ್ಳುತ್ತಾನೆ.

ಕಣ್ಣು ಕುಕ್ಕುವಿಕೆಗೆ ಕಂಪನಿಗಳ ಕ್ಯಾಟಲಾಗಿನಲ್ಲಿ ಯುಜಿಆರ್ ಎಂಬ ಅಂಕಿ ಕೊಟ್ಟಿರುತ್ತಾರೆ. ಅದು ನೇರಕ್ಕೆ ನೋಡುತ್ತ ಕೂತವನಿಗಾಗಿ ಮಾಡಿದ ಅಳತೆ. ತಲೆಯೆತ್ತಿ ಸ್ಮ್ಯಾಶ್ ಹೊಡೆಯುವವನಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಬ್ಯಾಡ್ಮಿಂಟನ್ ಬಲ್ಲವರು ಮಾಡುವುದು ಬೇರೆ: ಉದ್ದನೆಯ ಫಿಟ್ಟಿಂಗ್‌ಗಳನ್ನು ಕೋರ್ಟಿನ ಪಕ್ಕದ ಗೆರೆಗೆ ಸಮಾಂತರವಾಗಿ, ಗೆರೆಯ ಆಚೆಗೆ, ಎರಡು ಕೋರ್ಟುಗಳ ನಡುವಿನ ಜಾಗದ ಮೇಲೆ ಹಾಕುತ್ತಾರೆ. ಆಡುವ ಚೌಕದ ನೆತ್ತಿಯ ಮೇಲೆ ಏನೂ ಇರುವುದಿಲ್ಲ. ಇನ್ನೊಂದು ದಾರಿ, ಬೆಳಕನ್ನು ಮೇಲಕ್ಕೆ ಬಿಟ್ಟು ಬಿಳಿಯ ಚಾವಣಿಯಿಂದ ಹಾಯಾಗಿ ಇಳಿಯುವಂತೆ ಮಾಡುವುದು. ಇದರಲ್ಲಿ ಒಂದಿಷ್ಟು ಬೆಳಕು ಚಾವಣಿಯ ಪಾಲಾಗುತ್ತದೆ, ವ್ಯಾಟ್ ಹೆಚ್ಚು ಬೇಕು. ಹಾಗಿದ್ದರೂ ನನ್ನ ಮತ ಇದಕ್ಕೇ. ಯಾರೂ ಆಡಲು ಬಾರದ ಕೋರ್ಟಿನಲ್ಲಿ ಉಳಿಸಿದ ಕರೆಂಟಿಗೆ ಏನು ಬೆಲೆ?

ಗೋಡೆಯ ಬಣ್ಣದ್ದೂ ಒಂದು ಪೇಚು. ಬಿಳಿ ಕಾಕ್ ಕಾಣಬೇಕಾದರೆ ಹಿಂದಿನ ಗೋಡೆ ಕಡುಹಸಿರೋ ಕಡುನೀಲಿಯೋ ಆಗಿರಬೇಕು. ಆದರೆ ಗಾಢ ಬಣ್ಣ ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ. ಕೆಲವರು ಗೋಡೆಯ ಜೊತೆಗೆ ಚಾವಣಿಗೂ ಅದೇ ಬಣ್ಣ ಬಳಿದುಬಿಡುತ್ತಾರೆ. ಆಗ ಕಪ್ಪು ಆಕಾಶದಲ್ಲಿ ಉರಿಯುವ ದೀಪಗಳಂತಾಗಿ ಕಣ್ಣಿಗೆ ಇನ್ನೂ ಚುಚ್ಚುತ್ತದೆ. ಗೋಡೆ ಗಾಢವಿರಲಿ, ಹೊಳಪಿಲ್ಲದ ಪೇಂಟ್ ಇರಲಿ, ಚಾವಣಿ ಮಾತ್ರ ತಿಳಿಯಾಗಿರಲಿ. ಇದಕ್ಕೆ ತಗಲುವುದು ಪೇಂಟಿನ ಖರ್ಚು ಅಷ್ಟೆ, ಹೊಸ ದೀಪಕ್ಕಾಗಿ ಹೇಗೂ ಸಾರುವೆ ಕಟ್ಟಿರುತ್ತೀರಿ.

ಕಾಕ್ ಕಾಣದಿರುವುದಕ್ಕೆ ಇನ್ನೊಂದು ಕಾರಣ ಮಿನುಗು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಹಾಗಾಗಿ ದೀಪಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಡ್ರೈವರು ಒರಟಾಗಿದ್ದರೆ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಕೂತು ಪೇಪರು ಓದುವವನಿಗೆ ಇದು ಗೊತ್ತಾಗದು. 2023ರಲ್ಲಿ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ವೇಗದ್ದೆಂದು ಗಿನ್ನೆಸ್ ದಾಖಲೆಗೆ ಸೇರಿತು. ಆ ವೇಗದಲ್ಲಿ ದೀಪ ಒಂದು ಸಲ ಏರಿಳಿಯುವಷ್ಟರಲ್ಲಿ ಕಾಕ್ ಒಂದೂವರೆ ಮೀಟರ್ ದಾಟಿರುತ್ತದೆ. ಬಡಾವಣೆಯ ಆಟಗಾರನ ಸ್ಮ್ಯಾಶ್ ಗಂಟೆಗೆ 200 ಎಂದುಕೊಂಡರೂ ಅರ್ಧ ಮೀಟರಿಗೂ ಹೆಚ್ಚು. ಕಾಕ್ ಒಂದೇ ಗೆರೆಯಾಗಿ ಬಾರದೆ ತುಣುಕು ತುಣುಕಾಗಿ ಬಂದಂತೆ ಕಾಣುವುದು ಇದರಿಂದ. ಟ್ಯೂಬ್‌ಲೈಟ್ ಕಾಲದಲ್ಲೂ ಈ ತೊಂದರೆ ಇತ್ತು. ಅಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಫೇಸಿಗೆ ಕೊಟ್ಟು, ಒಂದು ಮಂಕಾಗುವಾಗ ಇನ್ನೊಂದು ಏರುವಂತೆ ಮಾಡುತ್ತಿದ್ದರು ಹಳೆಯ ವೈರ್‌ಮನ್‌ಗಳು. ಒಳ್ಳೆಯ ಡ್ರೈವರಿದ್ದರೆ ಈಗ ಆ ಉಪಾಯ ಬೇಕಿಲ್ಲ. ಡ್ರೈವರು ಒಳ್ಳೆಯದೋ ಅಲ್ಲವೋ ತಿಳಿಯಲು ಸ್ಯಾಂಪಲ್ ದೀಪವೊಂದನ್ನು ಹಚ್ಚಿ ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ವಿಡಿಯೊ ಮಾಡಿ. ಬೆಳಕು ಪಟಪಟ ಬಡಿದುಕೊಳ್ಳುವುದು ಕಂಡರೆ ಬೇರೆ ಅಂಗಡಿ ನೋಡಿ.

ಈಜುಕೊಳಗಳ ಮಾತು ಒಂದೇ ಸಾಲಿನಲ್ಲಿ ಮುಗಿಸಬಹುದು: ದೀಪ ನೀರಿನ ನೆತ್ತಿಯ ಮೇಲಿದ್ದರೆ ಅದರ ಪ್ರತಿಬಿಂಬದಲ್ಲಿ ತಳ ಮರೆಯಾಗುತ್ತದೆ, ಮುಳುಗುತ್ತಿರುವವನು ಕಾವಲುಗಾರನಿಗೆ ಕಾಣುವುದಿಲ್ಲ, ಆದ್ದರಿಂದ ಬದಿಗೆ ಹಾಕಬೇಕು. ರಿಪೇರಿಗೆ ಏಣಿ ಇಡಲೂ ಅದೇ ಜಾಗ ಒಳ್ಳೆಯದು.

ಎಲ್‌ಇಡಿ ಇಷ್ಟು ಅಗ್ಗವಾಗುತ್ತದೆಂದು ಹದಿನೈದು ವರ್ಷದ ಹಿಂದೆ ಯಾರೂ ಎಣಿಸಿರಲಿಲ್ಲ. ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಜಪಾನೀ ಮೂಲದ ಮೂವರು 1990ರ ದಶಕದ ಆರಂಭದಲ್ಲಿ ನೀಲಿ ಎಲ್‌ಇಡಿಯನ್ನು ಕೈಗೂಡಿಸಿದ್ದರಿಂದ ಬಿಳಿ ಬೆಳಕು ಸಾಧ್ಯವಾಯಿತು, 2014ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಅದೇ 2014ರ ಆರಂಭದಲ್ಲಿ ಕೇಂದ್ರ ಸರ್ಕಾರದ ಇಇಎಸ್‌ಎಲ್ ಮನೆಬಳಕೆಯ ಎಲ್‌ಇಡಿ ಬಲ್ಬನ್ನು ಕೊಂಡದ್ದು 310 ರೂಪಾಯಿಗೆ. ಉಜಾಲಾ ಯೋಜನೆಯ ಸಗಟು ಖರೀದಿಯಿಂದ 2016ರ ಹೊತ್ತಿಗೆ ಆ ಬೆಲೆ 55 ರೂಪಾಯಿಗೂ ಕೆಳಗಿಳಿಯಿತು. ನಮ್ಮ ರಾಜ್ಯದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಮನೆಮನೆಗೆ ಬಂತು. ಮನೆಯ ಬಲ್ಬಿನಲ್ಲಿ ಆದ ಈ ಕ್ರಾಂತಿ ಒಂದು ಕೆಟ್ಟ ಅಭ್ಯಾಸವನ್ನೂ ಕಲಿಸಿತು: ಹಳೆಯದನ್ನು ತಿರುಗಿಸಿ ತೆಗೆ, ಹೊಸದನ್ನು ತಿರುಗಿಸಿ ಹಾಕು, ಮುಗಿಯಿತು. ಮನೆಯ ಪಡಸಾಲೆಗೆ ಅದು ಸರಿ. ಎಂಟು ಮೀಟರ್ ಎತ್ತರದ ಶೆಡ್ಡಿಗೆ ಸಾಲದು.

ಏಕೆಂದರೆ ಶೆಡ್ಡಿನ ತುದಿಯಲ್ಲಿ ಇನ್ನೊಬ್ಬ ಶತ್ರು ಇದ್ದಾನೆ, ಸೆಕೆ. ಎಲ್‌ಇಡಿ ಪೆಟ್ಟಿಗೆಯ ಮೇಲೆ 50,000 ಗಂಟೆ ಬಾಳಿಕೆ ಎಂದು ಬರೆದಿರುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಹದಿನೇಳು ವರ್ಷ. ಆ ಅಂಕಿಯ ಅರ್ಥ ದೀಪ ಅಷ್ಟು ದಿನ ಕೆಡುವುದಿಲ್ಲ ಎಂದಲ್ಲ, ಅಷ್ಟು ಗಂಟೆಯಾದಾಗ ಬೆಳಕು ಮೊದಲಿನ ನೂರಕ್ಕೆ ಎಪ್ಪತ್ತರಷ್ಟು ಉಳಿದಿರುತ್ತದೆ ಎಂದು. ಅದಕ್ಕೂ ಎಷ್ಟೋ ಮೊದಲೇ ಡ್ರೈವರು ಕೈಕೊಡುತ್ತದೆ. ಡ್ರೈವರಿನೊಳಗಿನ ಕೆಪಾಸಿಟರುಗಳ ಆಯುಸ್ಸು ಶಾಖ ಹತ್ತು ಡಿಗ್ರಿ ಏರಿದಷ್ಟೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್ಲಿನ ರಾಯಚೂರಿನಲ್ಲೋ ಕಲಬುರಗಿಯಲ್ಲೋ ತಗಡಿನ ಸೂರಿಗೆ ತಾಗಿಕೊಂಡಂತೆ ಫಿಟ್ಟಿಂಗ್ ಹಾಕಿದರೆ ಕೆಳಗೆ ಆಡುವವರಿಗೆ ಎಷ್ಟು ಸೆಕೆಯೋ ಅದರ ಎಷ್ಟೋ ಪಟ್ಟು ಡ್ರೈವರಿಗೆ. ಸೂರಿನಿಂದ ಒಂದು ಮೀಟರಾದರೂ ಕೆಳಗೆ ತೂಗಲಿ. ಸಾಧ್ಯವಾದರೆ ಡ್ರೈವರನ್ನು ಬೇರ್ಪಡಿಸಿ, ಕೈಗೆ ಎಟಕುವ ಎತ್ತರದಲ್ಲಿ ಗೋಡೆಗೆ ಹಾಕಿಸಿ. ಹಾಗೆ ಮಾಡಿದರೆ ಕೆಟ್ಟಾಗ ಬದಲಿಸಲು ಸಾರುವೆ ಕಟ್ಟುವ ಖರ್ಚೂ ಇಲ್ಲ. ಮಲೆನಾಡಿನಲ್ಲಿ ಶತ್ರು ಸಿಡಿಲು, ಮೀಟರ್ ಬೋರ್ಡಿನಲ್ಲಿ ಸರ್ಜ್ ತಡೆಯುವ ಸಾಧನ ಮತ್ತು ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಒಂದೇ ರಾತ್ರಿಯ ಗುಡುಗಿಗೆ ಸಾಲು ಸಾಲಾಗಿ ದೀಪಗಳು ಹೋಗುತ್ತವೆ. ಕರಾವಳಿಯಲ್ಲಿ ಉಪ್ಪುಗಾಳಿ. ಅಲ್ಲಿ ದೀಪ ಕೆಡುವ ಮೊದಲು ಅದನ್ನು ಕಂಬಕ್ಕೆ ಹಿಡಿದಿಟ್ಟ ಬೋಲ್ಟು ತುಕ್ಕು ಹಿಡಿದು ಉದುರುತ್ತದೆ, ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟಿಗೆ ನೂರಿನ್ನೂರು ರೂಪಾಯಿ ಹೆಚ್ಚು ಕೊಡಲು ಹಿಂಜರಿಯಬಾರದು.

ಬಯಲಿನ ದೀಪಕ್ಕೆ ಇನ್ನೂ ಒಂದು ಹೊಣೆ ಇದೆ. ಕಂಬದ ಮೇಲಿನ ಫೋಕಸ್ ಲೈಟನ್ನು ದೂರಕ್ಕೆ ಬೆಳಕು ಹೋಗಲೆಂದು ಮುಖವೆತ್ತಿ ಕಟ್ಟುವುದು ನಮ್ಮಲ್ಲಿ ವಾಡಿಕೆ. ಅಂಗಳಕ್ಕೆ ಬೀಳಬೇಕಾದ ಬೆಳಕು ಎದುರು ಮನೆಯ ಮಲಗುವ ಕೋಣೆಗೆ, ರಸ್ತೆಯಲ್ಲಿ ಬರುವ ಬೈಕಿನವನ ಕಣ್ಣಿಗೆ, ಉಳಿದದ್ದು ಆಕಾಶಕ್ಕೆ. ಗಾಜು ನೆಲಕ್ಕೆ ಸಮಾಂತರವಾಗಿದ್ದರೂ ಬೆಳಕನ್ನು ಮುಂದಕ್ಕೆ ಎಸೆಯುವಂಥ ಫಿಟ್ಟಿಂಗ್‌ಗಳಿವೆ, ಟೆನಿಸ್ ಮತ್ತು ಫುಟ್‌ಬಾಲ್ ಮೈದಾನಗಳಿಗೆ ಅವೇ ಬೇಕು. ಬೆಳಕಿನ ಬಣ್ಣವನ್ನೂ ನೋಡಬೇಕು. 6,500 ಕೆಲ್ವಿನ್ನಿನ ನೀಲಿಛಾಯೆಯ ಬಿಳಿ ಅಂಗಡಿಯಲ್ಲಿ ಚುರುಕಾಗಿ ಕಾಣುತ್ತದೆ, ಕೊಳ್ಳುವವರ ಕೈ ಅಲ್ಲಿಗೇ ಹೋಗುತ್ತದೆ. ನೀಲಿ ಹೆಚ್ಚಿದಷ್ಟೂ ಹುಳುಗಳು ಹೆಚ್ಚು ಮುತ್ತುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಮಳೆಹುಳ ಎದ್ದು ಆಟ ನಿಂತದ್ದು ಯಾವ ಊರಿನವರಿಗೆ ಗೊತ್ತಿಲ್ಲ? 3,000ರಿಂದ 4,000 ಕೆಲ್ವಿನ್ನಿನ ದೀಪ ಹುಳುಗಳನ್ನು ಪೂರ್ತಿ ದೂರವಿಡದು, ಆದರೆ ಕಡಿಮೆ ಮಾಡುತ್ತದೆ. ಬಯಲಾಟದ ರಂಗಸ್ಥಳಕ್ಕೂ ಇದೇ ಒಳ್ಳೆಯದು. ನೀಲಿಛಾಯೆಯ ಅಗ್ಗದ ಎಲ್‌ಇಡಿಯಲ್ಲಿ ಯಕ್ಷಗಾನದ ವೇಷದ ಕೆಂಪು ಸತ್ತುಹೋಗುತ್ತದೆ, ಮುಖವರ್ಣಿಕೆಯ ಅರಿಶಿನ ಬಿಳಿಚಿಕೊಳ್ಳುತ್ತದೆ. ಗ್ಯಾಸ್‌ಲೈಟಿನ ಮಂದ ಬೆಳಕಿನಲ್ಲಿ ಆಟ ಕಂಡ ಹಿರಿಯರು ಗೊಣಗುವುದರಲ್ಲಿ ನ್ಯಾಯವಿದೆ.

ಪಾರ್ಕುಗಳಲ್ಲಿ ಸಮಸ್ಯೆ ತಿರುಗುಮುರುಗು. ನಡೆಯುವವರಿಗೆ ಹೆಚ್ಚು ಬೆಳಕು ಬೇಕಿಲ್ಲ, ಹತ್ತು ಲಕ್ಸ್ ಇದ್ದರೂ ದಾರಿ ಕಾಣುತ್ತದೆ. ಬೇಕಾದದ್ದು ಸಮನಾದ ಬೆಳಕು. ಒಂದು ಕಂಬದ ಕೆಳಗೆ ಹಗಲು, ಮುಂದಿನ ಕಂಬದವರೆಗೆ ಗವ್ವೆನ್ನುವ ಕತ್ತಲು ಎಂದಾದರೆ, ಸಂಜೆ ಏಳರ ಮೇಲೆ ಒಬ್ಬರೇ ನಡೆಯಬೇಕೆಂದಿರುವ ಹೆಣ್ಣುಮಕ್ಕಳು ಆ ಪಾರ್ಕನ್ನು ಬಿಟ್ಟುಬಿಡುತ್ತಾರೆ. ನಾಲ್ಕು ದೊಡ್ಡ ದೀಪದ ಬದಲು ಹನ್ನೆರಡು ಸಣ್ಣ ದೀಪ, ಕಣ್ಣಿಗೆ ಹೊಡೆಯದಂತೆ ಕೆಳಮುಖವಾಗಿ. ಎದುರಿಗೆ ಬರುವವರ ಮುಖ ಗುರುತು ಸಿಗುವಂತಿದ್ದರೆ ಸಾಕು.

ಈಗ ಮತ್ತೆ ಸ್ವಿಚ್ಚಿನ ವಿಚಾರ. ದೀಪ ಬದಲಿಸುವಾಗಲೇ ಕೋರ್ಟಿಗೊಂದು ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ ಎಳೆಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಉಳಿತಾಯ. ಮೇಲೆ ಹೇಳಿದ ನಾಲ್ಕು ಕೋರ್ಟಿನ ಶೆಡ್ಡಿನಲ್ಲಿ ಕೋರ್ಟುಗಳು ಸರಾಸರಿ ಅರ್ಧ ಹೊತ್ತು ಖಾಲಿ ಇರುತ್ತವೆ ಎಂದುಕೊಳ್ಳಿ. ಹೊಸ ದೀಪಗಳು ವರ್ಷಕ್ಕೆ ತಿನ್ನುವುದು 12,096 ಯೂನಿಟ್. ಖಾಲಿ ಕೋರ್ಟಿನ ದೀಪ ಆರಿದರೆ ಅದರಲ್ಲೂ ಅರ್ಧ ಉಳಿಯಿತು, ಹೆಚ್ಚುಕಡಿಮೆ 48,000 ರೂಪಾಯಿ, ಹೊಸ ದೀಪವೊಂದನ್ನೂ ಕೊಳ್ಳದೆ. ಸ್ಲಾಟುಗಳನ್ನು ಮೊಬೈಲಿನಲ್ಲೇ ಬುಕ್ ಮಾಡುವ ಕಡೆಗಳಲ್ಲಿ ಆ ಬುಕಿಂಗಿಗೇ ಆಯಾ ಕೋರ್ಟಿನ ಕಾಂಟ್ಯಾಕ್ಟರ್ (ತಾನಾಗಿ ಹಚ್ಚಿ ಆರಿಸುವ ಸ್ವಿಚ್ಚು) ಜೋಡಿಸಬಹುದು. ಹೊತ್ತಿಗೆ ಸರಿಯಾಗಿ ಹತ್ತಿಕೊಂಡು, ಸ್ಲಾಟ್ ಮುಗಿದ ಐದು ನಿಮಿಷಕ್ಕೆ ಆರುತ್ತದೆ. ಇನ್ನೊಂದೇ ಗೇಮ್ ಎಂದು ಎಳೆಯುವವರನ್ನು ಹೊರಗೆ ಕಳಿಸುವ ಕಿರಿಕಿರಿಯೂ ಹುಡುಗನಿಗೆ ತಪ್ಪುತ್ತದೆ.

ಜನ ಇದ್ದರೆ ಹತ್ತಿಕೊಳ್ಳುವ ಸೆನ್ಸರ್‌ಗಳನ್ನು ಶೌಚಾಲಯಕ್ಕೆ, ಕಾರಿಡಾರಿಗೆ ಹಾಕಿ, ಆಟದ ಹಾಲಿಗೆ ಬೇಡ. ಎಂಟು ಮೀಟರ್ ಎತ್ತರದಿಂದ ಅಗ್ಗದ ಸೆನ್ಸರಿಗೆ ಕೆಳಗಿನವರು ಕಾಣುವುದಿಲ್ಲ. ಯೋಗದ ಹಾಲಿನಲ್ಲಂತೂ ಎಲ್ಲರೂ ಶವಾಸನದಲ್ಲಿರುವಾಗ ಯಾರೂ ಇಲ್ಲವೆಂದು ತೀರ್ಮಾನಿಸಿ ದೀಪ ಆರಿಸಿಬಿಡುತ್ತದೆ. ಕೆಲವರಿಗೆ ಅದೇ ಹಿತವೆನಿಸಬಹುದು, ಅದು ಬೇರೆ ಮಾತು.

ಕೊಟೇಶನ್ ಕೇಳುವಾಗ ವ್ಯಾಟಿನಲ್ಲಿ ಕೇಳಬೇಡಿ, ಲಕ್ಸ್‌ನಲ್ಲಿ ಕೇಳಿ. ‘ನೆಲಮಟ್ಟದಲ್ಲಿ ಸರಾಸರಿ 500 ಲಕ್ಸ್, ಎಲ್ಲಕ್ಕಿಂತ ಮಂಕಾದ ಜಾಗದಲ್ಲೂ ಸರಾಸರಿಯ 0.7ರಷ್ಟು ಬೆಳಕು, ಡ್ರೈವರಿಗೆ ಐದು ವರ್ಷ ಗ್ಯಾರಂಟಿ, ಜೊತೆಗೆ ನಾಲ್ಕು ಬಿಡಿ ಡ್ರೈವರ್’ ಎಂದು ಬರೆದುಕೊಡಿ. ಎಲ್ಲಿ ತೂಗುಹಾಕಿದರೆ ಎಷ್ಟು ಬೆಳಕು ಬೀಳುತ್ತದೆಂದು ಮೊದಲೇ ತೋರಿಸುವ ಡಯಾಲಕ್ಸ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಒಳ್ಳೆಯ ಸರಬರಾಜುದಾರ ಆ ನಕ್ಷೆ ಮಾಡಿಕೊಡಲು ಹಿಂದೆಮುಂದೆ ನೋಡುವುದಿಲ್ಲ. ಹಳೆಯ ದೀಪ ಇರುವಾಗ ಒಮ್ಮೆ, ಹೊಸದು ಬಂದಮೇಲೆ ಒಮ್ಮೆ ಕೋರ್ಟಿನ ಮೇಲೆ ಚೌಕಾಬಾರದ ಮನೆಗಳಂತೆ ಗೆರೆ ಎಳೆದು ಪ್ರತಿ ಮನೆಯಲ್ಲೂ ಲಕ್ಸ್ ಮೀಟರ್ ಇಟ್ಟು ಬರೆದುಕೊಳ್ಳಿ. ಮೊಬೈಲ್ ಆ್ಯಪ್ ನಂಬಬೇಡಿ, ಒಂದೆರಡು ಸಾವಿರಕ್ಕೆ ಮೀಟರೇ ಬರುತ್ತದೆ. ಅಳತೆ ಸರಿಹೊಂದುವವರೆಗೆ ಬಿಲ್ಲಿನ ಒಂದು ಪಾಲು ಕೊಡದೆ ಉಳಿಸಿಕೊಳ್ಳುವುದು ಒಪ್ಪಂದದಲ್ಲೇ ಇರಲಿ.

ಅದೇ ಒಪ್ಪಂದದಲ್ಲಿ ಇಳಿಸಿದ ಹಳೆಯ ಸಾಮಾನಿಗೂ ಒಂದು ಸಾಲು ಇರಬೇಕು. ತಾಮ್ರದ ಚೋಕಿಗೆ ಗುಜರಿಯವನು ತಾನೇ ಬಂದು ಬೆಲೆ ಕಟ್ಟುತ್ತಾನೆ, ಅಲ್ಯೂಮಿನಿಯಂ ಬುರುಡೆಗೂ ಗಿರಾಕಿಯಿದೆ. ದೀಪಗಳು ಮಾತ್ರ ಯಾರಿಗೂ ಬೇಡ. ಮೆಟಲ್ ಹ್ಯಾಲೈಡಿನಲ್ಲೂ ಟ್ಯೂಬಿನಲ್ಲೂ ಪಾದರಸವಿದೆ. ಶೆಡ್ಡಿನ ಹಿಂದೆ ರಾಶಿ ಹಾಕಿದ ಟ್ಯೂಬುಗಳನ್ನು ಮಕ್ಕಳು ಒಡೆದು ಆಡುವುದನ್ನು ಎಲ್ಲರೂ ಕಂಡಿದ್ದೇವೆ, ಆ ಬಿಳಿ ಪುಡಿಯೊಂದಿಗೆ ಪಾದರಸದ ಆವಿಯೂ ಉಸಿರಿಗೆ ಸೇರುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪಾದರಸದ ದೀಪಗಳೂ ಇವೆ. ಹೊಸ ದೀಪ ಕೊಡುವವನೇ ಹಳೆಯವನ್ನು ಒಡೆಯದಂತೆ ಪೆಟ್ಟಿಗೆಗೆ ತುಂಬಿ ನೋಂದಾಯಿತ ಮರುಬಳಕೆ ಘಟಕಕ್ಕೆ ಮುಟ್ಟಿಸಬೇಕು, ಮುಟ್ಟಿಸಿದ ರಸೀದಿ ತಂದ ಮೇಲೆ ಕೊನೆಯ ಕಂತು.